ಕಪ್ ಅವರದು, ಕಪ್ಪ ನಮ್ಮದು

ಹರಾಜು ಮುಗಿದಿದೆ. ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಕುಳಿತು ರಾಯಲ್ ಚಾಲೆಂಜರ್ಸ್ ಬೆಂಗಳೂರು ಎಂಟು ಆಟಗಾರರನ್ನು ಕೊಂಡು ತನ್ನ 25ರ ಪಟ್ಟಿಯನ್ನು ತುಂಬಿಸಿಕೊಂಡಿತು. ಅವತ್ತಿನಿಂದ ಸಿಂಧನೂರಿನ ಬಸ್ ನಿಲ್ದಾಣದಲ್ಲಿ, ಮಸ್ಕಿ ರಸ್ತೆಯ ಹೋಟೆಲುಗಳಲ್ಲಿ, ನಮ್ಮ ಗೊರೇಬಾಳದ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: 2026ರಲ್ಲೂ ಕಪ್ ನಮ್ದೇನಾ? ಕ್ರಿಕೆಟ್ ನೋಡುವವನು ಅಂತ ಗೊತ್ತಿರುವುದರಿಂದ ನನ್ನನ್ನೂ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಕಪ್ ಬರಬಹುದು, ಅದು ನಮ್ಮದಾಗುವುದಿಲ್ಲ.

ಮೊದಲ ಅರ್ಧಕ್ಕೆ ಯಾರ ತಕರಾರೂ ಇಲ್ಲ. ಎರಡನೆಯ ಅರ್ಧಕ್ಕೆ ಬೈಗುಳ ಬೀಳುತ್ತವೆ. ಬೀಳಲಿ. ಆದರೆ ಬೈಯುವ ಮುಂಚೆ ಲೆಕ್ಕ ಕೇಳಿಸಿಕೊಳ್ಳಿ.

ತಂಡ ಚೆನ್ನಾಗಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ. 2025ರಲ್ಲಿ ಲೀಗ್ ಹಂತದ ಹದಿನಾಲ್ಕರಲ್ಲಿ ಒಂಬತ್ತು ಗೆದ್ದು, 19 ಅಂಕಗಳೊಂದಿಗೆ ಎರಡನೇ ಸ್ಥಾನ ಪಡೆದ ತಂಡ ಇದು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಹದಿನೆಂಟು ವರ್ಷದ ಬರ ನೀಗಿಸಿಕೊಂಡಿತು. ಆ ತಂಡದ ಬೆನ್ನೆಲುಬನ್ನು ಹಾಗೆಯೇ ಉಳಿಸಿಕೊಂಡಿದೆ. 657 ರನ್ ಹೊಡೆದ ವಿರಾಟ್ ಕೊಹ್ಲಿ ಇದ್ದಾರೆ. ಮೊದಲ ಆರು ಓವರುಗಳಲ್ಲಿ ಪಂದ್ಯದ ದಿಕ್ಕು ಬದಲಿಸಬಲ್ಲ ಫಿಲ್ ಸಾಲ್ಟ್ ಇದ್ದಾರೆ. ಲಖನೌದಲ್ಲಿ 228ರ ಬೆನ್ನಟ್ಟಿ 33 ಎಸೆತಕ್ಕೆ 85 ಹೊಡೆದ ಜಿತೇಶ್ ಶರ್ಮಾ ಇದ್ದಾರೆ. ಫೈನಲಿನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ ಇದ್ದಾರೆ. ಇಂದೋರಿನ ರಜತ್ ಪಾಟೀದಾರ್ ಗದ್ದಲವಿಲ್ಲದ ನಾಯಕ, ಸ್ಪಿನ್ನರುಗಳನ್ನು ಯಾವಾಗ ತರಬೇಕು ಅನ್ನುವುದು ಆತನಿಗೆ ಗೊತ್ತು. ಹರಾಜಿನಲ್ಲಿ 7 ಕೋಟಿ ಕೊಟ್ಟು ತಂದ ವೆಂಕಟೇಶ್ ಅಯ್ಯರ್, 2 ಕೋಟಿಯ ನ್ಯೂಜಿಲೆಂಡ್ ವೇಗಿ ಜೇಕಬ್ ಡಫಿ ಇಬ್ಬರೂ ಅಗತ್ಯ ಇದ್ದ ಜಾಗಕ್ಕೇ ಬಂದಿದ್ದಾರೆ.

ದೌರ್ಬಲ್ಯಗಳೂ ಇವೆ. ಕೊಹ್ಲಿಗೆ 37. ಭುವನೇಶ್ವರ್ ಕುಮಾರ್ 36ರ ಹೊಸ್ತಿಲಲ್ಲಿದ್ದಾರೆ. ಕಳೆದ ಸಲ 22 ವಿಕೆಟ್ ಪಡೆದ ಜೋಶ್ ಹೇಜಲ್‌ವುಡ್ ಗಾಯದಿಂದಾಗಿ ಆಶಸ್ ಸರಣಿಯನ್ನೇ ತಪ್ಪಿಸಿಕೊಂಡಿದ್ದಾರೆ. ಆತ ಪೂರ್ತಿ ಸೀಸನ್ ಬೌಲ್ ಮಾಡಿದರೆ ಒಂದು ತಂಡ, ಮಾಡದಿದ್ದರೆ ಇನ್ನೊಂದು ತಂಡ. ಎಲ್ಲ ಕೂಡಿಸಿ ಕಳೆದು ನೋಡಿದರೆ ಪ್ಲೇ ಆಫ್‌ಗೆ ಬರುತ್ತದೆ ಅಂತ ನನ್ನ ಅಂದಾಜು. ಅಲ್ಲಿಂದ ಮುಂದೆ ಟಿ20ಯಲ್ಲಿ ಭವಿಷ್ಯ ಹೇಳುವವನು ಪಂಚಾಂಗವನ್ನೂ ಮಾರಬಹುದು.

ಈಗ ಎರಡನೆಯ ಅರ್ಧ. ಈ 25 ಜನರಲ್ಲಿ ಕರ್ನಾಟಕಕ್ಕೆ ಆಡುವವರು ಎಷ್ಟು? ಒಬ್ಬ. ದೇವದತ್ತ ಪಡಿಕ್ಕಲ್. ಅಷ್ಟೇ.

ಕಳೆದ ವರ್ಷ ಇನ್ನಿಬ್ಬರಿದ್ದರು. ಪಡಿಕ್ಕಲ್ ಗಾಯಗೊಂಡಾಗ ಆತನ ಜಾಗಕ್ಕೆ ಕರೆತಂದ ಮಯಂಕ್ ಅಗರವಾಲ್, ಲಖನೌದ ಆ ದೊಡ್ಡ ಬೆನ್ನಟ್ಟುವಿಕೆಯಲ್ಲಿ ಜಿತೇಶ್ ಜೊತೆ ಕೊನೆಯವರೆಗೂ ನಿಂತು 41 ಹೊಡೆದರು, ಫೈನಲಿನಲ್ಲಿ 24 ಹೊಡೆದರು. ನವೆಂಬರಿನಲ್ಲಿ ಕೈಬಿಟ್ಟರು. ಇನ್ನೊಬ್ಬ ಮನೋಜ್ ಭಾಂಡಗೆ. ಆತ ಹುಟ್ಟಿದ್ದು ರಾಯಚೂರಿನಲ್ಲಿ. ಮೂರು ಸೀಸನ್ ತಂಡದ ಜೊತೆ ಊರೂರು ತಿರುಗಿದ. 2025ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಮಳೆಯಿಂದ ಹದಿನಾಲ್ಕು ಓವರಿಗೆ ಇಳಿದ ಪಂದ್ಯದಲ್ಲಿ, ವಿಕೆಟುಗಳು ತರಗೆಲೆಯಂತೆ ಉದುರುತ್ತಿದ್ದಾಗ, ಇಂಪ್ಯಾಕ್ಟ್ ಆಟಗಾರನಾಗಿ ಇಳಿಸಿದರು. ಒಂದು ರನ್ನಿಗೆ ಎಲ್‌ಬಿ ಆದ. ಮತ್ತೆ ಇಳಿಸಲಿಲ್ಲ. ಅವನನ್ನೂ ನವೆಂಬರಿನಲ್ಲಿ ಬಿಟ್ಟರು. ರಾಯಚೂರು ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, 'ನಮ್ದು' ಅನ್ನುವ ಪದಕ್ಕೆ ಇದ್ದ ಒಂದೇ ಒಂದು ಆಧಾರ ಆ ಪಟ್ಟಿಯ ಜೊತೆ ಹೋಯಿತು. ನಮ್ಮೂರಿನಲ್ಲಿ ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಸಾಲ್ಟ್ ಉಳಿದನಲ್ಲ ಅನ್ನುವ ಸಮಾಧಾನವೇ ಸಾಕಾಗಿತ್ತು.

ಕರ್ನಾಟಕದಲ್ಲಿ ಆಟಗಾರರಿಗೆ ಬರವೇ? 2025ರ ಐಪಿಎಲ್‌ನಲ್ಲಿ ಅತಿ ಹೆಚ್ಚು, 25 ವಿಕೆಟ್ ಪಡೆದು ನೇರಳೆ ಟೋಪಿ ಹಾಕಿಕೊಂಡವರು ಪ್ರಸಿದ್ಧ ಕೃಷ್ಣ. ಅವರು ಗುಜರಾತ್ ತಂಡದಲ್ಲಿದ್ದಾರೆ. ವಿಜಯಕುಮಾರ್ ವೈಶಾಖ್ ಪಂಜಾಬಿನಲ್ಲಿದ್ದಾರೆ. ಕರುಣ್ ನಾಯರ್, ಕೆ.ಎಲ್. ರಾಹುಲ್ ದೆಹಲಿಯಲ್ಲಿದ್ದಾರೆ. ರಾಹುಲ್‌ಗಾಗಿ 2024ರ ಹರಾಜಿನಲ್ಲಿ ನಮ್ಮ ತಂಡ ಸ್ವಲ್ಪ ದೂರ ಕೂಗಿ ಕೈಬಿಟ್ಟಿತು. ದೆಹಲಿ 14 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದರು. ಆ ರಾತ್ರಿ ಆ ಮೈದಾನದಲ್ಲಿ 'ನಮ್ಮವನು' ಯಾರಾಗಿದ್ದ, 'ಪರರು' ಯಾರಾಗಿದ್ದರು? ಕೆಂಪು ಜೆರ್ಸಿ ತೊಟ್ಟ ಸಾವಿರಾರು ಜನಕ್ಕೆ ಆ ಪ್ರಶ್ನೆ ಅರೆಕ್ಷಣವಾದರೂ ಗಂಟಲಲ್ಲಿ ಸಿಕ್ಕಿಕೊಂಡಿರಬೇಕು.

ಇಷ್ಟು ಹೇಳಿದ ಕೂಡಲೇ ಎದುರಿಗೆ ಎರಡು ಮಾತು ಬರುತ್ತವೆ. ಎರಡೂ ಗಟ್ಟಿ ಮಾತುಗಳೇ.

ಒಂದು: 'ಕನ್ನಡಿಗರನ್ನೇ ತುಂಬಿಕೊಂಡಿದ್ದಾಗ ಏನು ಕಿಸಿದಿರಿ?' ನಿಜ. 2008ರಲ್ಲಿ ನಾಯಕ ರಾಹುಲ್ ದ್ರಾವಿಡ್, ಜೊತೆಗೆ ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ದಾವಣಗೆರೆಯ ವಿನಯ್ ಕುಮಾರ್. ಸ್ಥಳೀಯ ಆಟಗಾರರನ್ನು ಇಟ್ಟುಕೊಳ್ಳಬೇಕು ಅನ್ನುವ ನಿಯಮವೇ ಆಗ ಇತ್ತು. ಮೊದಲ ಪಂದ್ಯದಲ್ಲೇ ಬ್ರೆಂಡನ್ ಮೆಕಲಮ್ 158 ಚಚ್ಚಿದರೆ, ನಮ್ಮವರು ಎಲ್ಲ ಸೇರಿ 82. ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಆದರೆ ಅಲ್ಲಿಗೇ ಕಥೆ ನಿಲ್ಲಿಸುವವರು ಮುಂದಿನ ವರ್ಷವನ್ನು ಮುಚ್ಚಿಡುತ್ತಾರೆ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕುಂಬ್ಳೆ ನಾಯಕ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯನಾದವರು ಮನೀಶ್ ಪಾಂಡೆ. ಫೈನಲಿನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಪಡೆದರು. ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದು 6 ರನ್ನಿನಿಂದ. 2025ರಲ್ಲಿ ಗೆದ್ದದ್ದೂ 6 ರನ್ನಿನಿಂದಲೇ. ಟಿ20ಯಲ್ಲಿ ಆರು ರನ್ ಅಂದರೆ ಒಂದು ಹೊಡೆತ. ಆ ಒಂದು ಹೊಡೆತದ ಈಚೆ ಆಚೆ ನಿಂತು 'ಸ್ಥಳೀಯರು ಗೆಲ್ಲಿಸುವುದಿಲ್ಲ' ಅಂತ ಸಿದ್ಧಾಂತ ಕಟ್ಟಲು ಬರುವುದಿಲ್ಲ.

ಎರಡು: 'ಆಟಕ್ಕೆ ಊರು, ಜಾತಿ, ಭಾಷೆ ಇಲ್ಲ. ನೀನು ಬೇಲಿ ಹಾಕುತ್ತಿದ್ದೀಯ.' ಈ ಮಾತಿಗೆ ನಾನು ಹೆಚ್ಚು ಗೌರವ ಕೊಡುತ್ತೇನೆ. ದೆಹಲಿಯ ಹುಡುಗನೊಬ್ಬ ಹದಿನೆಂಟು ವರ್ಷ ಒಂದೇ ತಂಡಕ್ಕೆ ಆಡಿದ್ದಾನೆ ಅಂದರೆ ಅವನು ನಮ್ಮವನೇ. ಸಿಂಧನೂರು ಸೀಮೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿ ಭತ್ತ ಬೆಳೆದವರು ನಮ್ಮ ನಡುವೆ ಇದ್ದಾರೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್‌ಎಚ್ ಕ್ಯಾಂಪುಗಳಿವೆ. ಹುಟ್ಟಿದ ಊರನ್ನು ಕೇಳಿ ಮನುಷ್ಯನನ್ನು ಅಳೆಯುವ ಸೀಮೆ ನಮ್ಮದಲ್ಲ.

ಆದ್ದರಿಂದ ನನ್ನ ಜಗಳ ಜನ್ಮಪ್ರಮಾಣಪತ್ರದ ಬಗ್ಗೆ ಇಲ್ಲವೇ ಇಲ್ಲ. ಕ್ಯಾಂಪಿನವರು ಈ ಸೀಮೆಯವರಾದದ್ದು ಇಲ್ಲಿಯ ಮಣ್ಣು ಮಗುಚಿ, ಇಲ್ಲಿಯ ಸಂತೆಯಲ್ಲಿ ಮಾರಿ ಕೊಂಡು, ಇಲ್ಲಿಯ ಶಾಲೆಗೆ ಮಕ್ಕಳನ್ನು ಕಳಿಸಿ. ಕೊಡು ಕೊಳ್ಳುವಿಕೆ ನಡೆದರೆ ಮಾತ್ರ 'ನಮ್ಮದು' ಹುಟ್ಟುತ್ತದೆ. ಹಾಗಾದರೆ ಕೇಳುತ್ತೇನೆ: ಈ ತಂಡ ಇಲ್ಲಿಂದ ಏನನ್ನು ಕೊಳ್ಳುತ್ತಿದೆ, ಇಲ್ಲಿಗೆ ಏನನ್ನು ಕೊಡುತ್ತಿದೆ?

ಕೊಳ್ಳುವುದರ ಪಟ್ಟಿ ದೊಡ್ಡದು. ಮೊದಲಿಗೆ ಹೆಸರು. 2024ರ ಮಾರ್ಚಿನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು, ಕುಣಿದಾಡಿದೆವು. ಆದರೆ ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯವರು ಸ್ವಲ್ಪ ಜಾಣರಾಗಬೇಕಿತ್ತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಶಾಸನ ಸಿಗುವ ತನಕ ದೇಶದ ತುಂಬ ಕಲ್ಲುಗಳಲ್ಲಿ ಮಾತಾಡುತ್ತಿದ್ದ 'ದೇವಾನಾಂಪ್ರಿಯ' ಯಾರು ಅನ್ನುವುದು ವಿದ್ವಾಂಸರ ತರ್ಕಕ್ಕೆ ಬಿಟ್ಟ ವಿಷಯವಾಗಿತ್ತು. ನಮ್ಮ ಮಸ್ಕಿಯ ಕಲ್ಲು ಬಿರುದಿನ ಪಕ್ಕದಲ್ಲೇ ಅಶೋಕ ಅನ್ನುವ ಹೆಸರನ್ನು ಇಟ್ಟಿತು, ಬಿರುದಿನ ಹಿಂದಿನ ಮನುಷ್ಯ ಕಾಣಿಸಿದ. ಹೆಸರಿನ ಹಿಂದೆ ಯಾರಿದ್ದಾರೆ ಅಂತ ಕೇಳುವುದು ಈ ನೆಲದ ಹಳೆಯ ಪಾಠ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂದಾಗಲೂ ನಾವು ಕುಣಿದೆವು. ಬೋರ್ಡು ಬದಲಾದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಅನ್ನುವುದು ಇಷ್ಟರಲ್ಲಿ ನಮಗೆ ತಿಳಿದಿರಬೇಕು.

ಎರಡನೆಯದು ಭಾಷೆ. 'ಈ ಸಲ ಕಪ್ ನಮ್ದೇ' ಅನ್ನುವ ನಾಲ್ಕು ಪದಗಳನ್ನು ಯಾವ ಜಾಹೀರಾತು ಕಂಪನಿಯೂ ಇಷ್ಟು ಚೆಂದ ಬರೆಯಲಾರದು. ಸೋತ ವರ್ಷಗಳಲ್ಲಿ ತಂಡವನ್ನು ಬದುಕಿಸಿದ್ದು ಆ ಸಾಲು. ಪರಭಾಷೆಯ ಆಟಗಾರರ ನಾಲಿಗೆಯ ಮೇಲೆ ಕನ್ನಡ ಕುಣಿಯಿತು ಅಂತ ಹೆಮ್ಮೆಪಟ್ಟೆವು. ಆದರೆ ಆ ಸಾಲಿನಲ್ಲಿ ಭಾರ ಹೊತ್ತಿರುವ ಪದ 'ಕಪ್' ಅಲ್ಲವೇ ಅಲ್ಲ, ಅದು 'ನಮ್ದೇ'. ಆ ಏಕಾರವನ್ನು ನಾವು ಕೊಟ್ಟೆವು. ಪುಕ್ಕಟೆಯಾಗಿ ಕೊಟ್ಟೆವು.

ಮೂರನೆಯದು ಹಣ. ಮೊಬೈಲ್ ಡೇಟಾ, ಚಂದಾ, ನಕಲಿಯೋ ಅಸಲಿಯೋ ಒಂದು ಜೆರ್ಸಿ. ಇದೆಲ್ಲ ಸಣ್ಣದು. ದೊಡ್ಡದು ಬೆಟ್ಟಿಂಗ್. ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದು 2025ರ ಆಗಸ್ಟಿನಲ್ಲಿ. ಅದಕ್ಕೆ ಮುಂಚಿನ ಬೇಸಿಗೆಗಳಲ್ಲಿ ಭತ್ತ ಮಾರಿದ ದುಡ್ಡು ಹುಡುಗರ ಫೋನಿನಿಂದ ಹೇಗೆ ಹರಿದುಹೋಯಿತು ಅನ್ನುವುದನ್ನು ಕಾಲುವೆ ಸೀಮೆಯ ಯಾವ ಊರಿನವರನ್ನು ಕೇಳಿದರೂ ಹೇಳುತ್ತಾರೆ. ಆಪ್ ಮುಚ್ಚಿದರೂ ಕೈಯಿಂದ ಕೈಗೆ ನಡೆಯುವ ಬೆಟ್ಟಿಂಗಿಗೆ ಸರ್ವರ್ ಬೇಕಿಲ್ಲ. ಪಂದ್ಯ ನೋಡುವ ಹುಡುಗನಿಗೆ ಆಡಲು ಮೈದಾನ ಇಲ್ಲ, ಕಟ್ಟಲು ಬಾಜಿ ಇದೆ.

ನಾಲ್ಕನೆಯದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದೆ ಬಿಡುವುದು ಅಪ್ರಾಮಾಣಿಕತೆ. 2025ರ ಜೂನ್ 4. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಎರಡು ಮೂರು ಲಕ್ಷ ಜನ. ವಿಧಾನಸೌಧದ ಮೆಟ್ಟಿಲ ಮೇಲೆ ಪೇಟ, ಹಾರ, ಫೋಟೊ. ಕ್ರೀಡಾಂಗಣದ ಗೇಟಿನಲ್ಲಿ ಹನ್ನೊಂದು ಸಾವು. ಹೆಚ್ಚಿನವರು ಇಪ್ಪತ್ತು ಮೂವತ್ತರೊಳಗಿನವರು. ತನಿಖೆ, ವರದಿ, ಪರಿಹಾರ, ಯಾರು ಯಾರನ್ನು ಕರೆದರು ಅನ್ನುವ ವಾದ ಎಲ್ಲವೂ ಆಮೇಲೆ ನಡೆದವು. ನಾನು ಇಲ್ಲಿ ತೀರ್ಪು ಕೊಡುತ್ತಿಲ್ಲ. ಒಂದೇ ಮಾತು: ಅವರು ಗೇಟಿಗೆ ಹೋದದ್ದು 'ನಮ್ದೇ' ಅನ್ನುವ ಪದವನ್ನು ನಂಬಿ. ನಮ್ಮದು ಅಂದುಕೊಂಡ ಮನೆಯ ಬಾಗಿಲಲ್ಲಿ ಯಾರಾದರೂ ತುಳಿತಕ್ಕೆ ಸಿಕ್ಕಿ ಸಾಯುತ್ತಾರೆಯೇ? ಬಾಗಿಲಲ್ಲಿ ಸಾಯುವವನು ಆ ಮನೆಯಲ್ಲಿ ಯಾರು?

ಸಾಮಂತರು ವರ್ಷಕ್ಕೊಮ್ಮೆ ರಾಜಧಾನಿಗೆ ಕೊಡುತ್ತಿದ್ದುದನ್ನು ಕನ್ನಡದಲ್ಲಿ ಕಪ್ಪ ಅನ್ನುತ್ತಾರೆ. ಹೆಸರು, ಭಾಷೆ, ಹಣ, ಕೊನೆಗೆ ಪ್ರಾಣ. ಪಟ್ಟಿ ನೋಡಿದರೆ ನಾವು ಕೊಡುತ್ತಿರುವುದು ಅದನ್ನೇ.

ಕೊಡುವ ಕಡೆಯ ಪಟ್ಟಿ ನೋಡೋಣ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯ ಅಂತಲೇ ಒಂದು ವಲಯ ಇದೆ. ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಅನ್ನುವ ತಂಡ ಇದೆ. 2022ರ ಮೊದಲ ಟ್ರೋಫಿಯನ್ನು ಗೆದ್ದದ್ದೇ ಅದು. 2022ರಿಂದ 2025ರವರೆಗೆ ನಾಲ್ಕು ವರ್ಷ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಗುಲ್ಬರ್ಗದ ತಂಡ ಗುಲ್ಬರ್ಗದ ಜನರೆದುರು ಒಂದು ಪಂದ್ಯ ಆಡಿಲ್ಲ. ನಮ್ಮ ಮನೋಜ್ ಭಾಂಡಗೆ 2024ರಲ್ಲಿ ಈ ಟ್ರೋಫಿ ಗೆದ್ದದ್ದು ಮೈಸೂರು ವಾರಿಯರ್ಸ್ ಅಂಗಿಯಲ್ಲಿ. ಹೆಸರು ಒಂದೂರಿನದು, ಹುಡುಗ ಇನ್ನೊಂದೂರಿನವನು, ಮೈದಾನ ಮತ್ತೊಂದೂರಿನದು.

ಇನ್ನೂ ಹಿಂದೆ ಹೋದರೆ ಯರೇಗೌಡರ ಹೆಸರು ಸಿಗುತ್ತದೆ. ಅವರೂ ರಾಯಚೂರಿನಲ್ಲಿ ಹುಟ್ಟಿದವರೇ. ಅವರ ಆಟದ ಜೀವನದ ದೊಡ್ಡ ಭಾಗ ರೈಲ್ವೇಸ್ ತಂಡದಲ್ಲಿ ಕಳೆಯಿತು, ಕರ್ನಾಟಕಕ್ಕೂ ಆಡಿ ನಾಯಕರಾದರು. ಗಂಟೆಗಟ್ಟಲೆ ನಿಂತು ಆಡುವ ಆಟ ಅವರದು. ಇಂದಿನ ಯುವ ಓದುಗರಲ್ಲಿ ಎಷ್ಟು ಜನರಿಗೆ ಅವರ ಹೆಸರು ಗೊತ್ತು? ಒಂದು ಸರ್ಕಾರಿ ಇಲಾಖೆಯ ತಂಡ ಕೊಟ್ಟ ಜಾಗವನ್ನು ಕೋಟಿಗಟ್ಟಲೆ ದುಡ್ಡಿನ ಈ ವ್ಯವಸ್ಥೆ ನಮ್ಮ ಕಡೆಯ ಇನ್ನೊಬ್ಬ ಹುಡುಗನಿಗೆ ಕೊಡಲಾಗುತ್ತಿಲ್ಲ ಅನ್ನುವುದು ಯೋಚಿಸಬೇಕಾದ ಸಂಗತಿ.

ಪ್ರತಿಭೆ ಇದ್ದರೆ ಸ್ಕೌಟ್‌ಗಳು ಹುಡುಕಿಕೊಂಡು ಬರುತ್ತಾರೆ ಅನ್ನುತ್ತೀರಿ. ಬರುತ್ತಾರೆ, ಎಲ್ಲಿಗೆ ಬರಬೇಕು ಅಂತ ದಾರಿ ಇದ್ದರೆ. ಇದೇ ಹರಾಜಿನಲ್ಲಿ ನಮ್ಮ ತಂಡ ಮಂಗೇಶ್ ಯಾದವ್ ಅನ್ನುವ ಎಡಗೈ ವೇಗಿಗೆ 5 ಕೋಟಿ 20 ಲಕ್ಷ ಕೊಟ್ಟಿದೆ. ಮಧ್ಯಪ್ರದೇಶದ ರಾಜ್ಯ ಲೀಗಿನಲ್ಲಿ ಕಣ್ಣಿಗೆ ಬಿದ್ದ ಹುಡುಗ. ಬಹಳ ಸಂತೋಷ, ಆತ ಚೆನ್ನಾಗಿ ಬೌಲ್ ಮಾಡಲಿ. ಆದರೆ ಬೆಂಗಳೂರಿನ ತಂಡದ ಕಣ್ಣು ಮಧ್ಯಪ್ರದೇಶದ ಲೀಗನ್ನು ಮುಟ್ಟಬಲ್ಲದು ಅಂದಮೇಲೆ ಅದಕ್ಕೆ ದೂರ ಒಂದು ಅಡ್ಡಿಯಲ್ಲ ಅಂತಾಯಿತು. ಹಾಗಿದ್ದರೆ ರಾಯಚೂರು ವಲಯ ಆ ಕಣ್ಣಿಗೆ ಬೀಳುವುದಿಲ್ಲ ಏಕೆ?

ಉತ್ತರ ನಮ್ಮ ಕಾಲುವೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿ. ಮಾನ್ವಿ, ಸಿರವಾರ, ರಾಯಚೂರು ಕಡೆಯವರು. ಜಲಾಶಯ ತುಂಬಿದೆ ಅಂತ ಪತ್ರಿಕೆಯಲ್ಲಿ ಓದುತ್ತಾರೆ, ಹೊಲಕ್ಕೆ ನೀರು ಬರುವುದಿಲ್ಲ. ಮೇಲಿನವರು ಎತ್ತಿಕೊಂಡು ಉಳಿದರೆ ಕೆಳಗಿನವರಿಗೆ. ಕ್ರಿಕೆಟ್ಟೂ ಹಾಗೆಯೇ ಹರಿಯುತ್ತದೆ. ಹರಾಜಿನ ಪಟ್ಟಿಗೆ ಹುಡುಗನ ಹೆಸರು ಹೋಗಬೇಕಾದರೆ ರಾಜ್ಯ ಸಂಸ್ಥೆಯ ಮೂಲಕವೇ ಹೋಗಬೇಕು. ಅಲ್ಲಿಗೆ ಮುಟ್ಟಬೇಕಾದರೆ ವಲಯದ ತಂಡ, ಅದಕ್ಕೂ ಮುಂಚೆ ಲೀಗ್ ಪಂದ್ಯ, ಅದಕ್ಕೂ ಮುಂಚೆ ಲೆದರ್ ಬಾಲು, ಪ್ಯಾಡು, ಹೆಲ್ಮೆಟ್ಟು, ಒಂದು ಒಳ್ಳೆಯ ಪಿಚ್ಚು. ನಮ್ಮ ಹಳ್ಳಿಯ ಹುಡುಗ ಟೆನಿಸ್ ಬಾಲಿನಲ್ಲಿ ಎಂಬತ್ತು ಮೀಟರು ಎತ್ತಬಲ್ಲ. ಲೆದರ್ ಬಾಲು ಕೈಗೆ ಬರುವಷ್ಟರಲ್ಲಿ ಅವನಿಗೆ ಇಪ್ಪತ್ತು ದಾಟಿ, ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಹತ್ತಿರುತ್ತಾನೆ. ಕ್ರಿಕೆಟ್ಟಿಗಲ್ಲ, ಗಾರೆ ಕೆಲಸಕ್ಕೆ. ಹುಡುಗಿಯರ ಮಾತಂತೂ ಎತ್ತುವ ಹಾಗೇ ಇಲ್ಲ. ಈ ತಂಡಕ್ಕೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು ಅನ್ನುವುದು ನೆನಪಿದೆಯೇ? 2024ರ ಮಾರ್ಚ್ 17. ದೆಹಲಿಯಲ್ಲಿ ನಡೆದ ಆ ಫೈನಲಿನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದವರು ಕರ್ನಾಟಕದ ಶ್ರೇಯಾಂಕಾ ಪಾಟೀಲ್. 'ನಮ್ದೇ' ಅನ್ನುವ ಪದ ಅಕ್ಷರಶಃ ನಿಜವಾದ ರಾತ್ರಿ ಅದು. ಆದರೂ ಹದಿನೆಂಟು ವರ್ಷ ಕಪ್ಪೇ ಇರಲಿಲ್ಲ ಅಂತ 2025ರಲ್ಲಿ ಅತ್ತೆವು.

ತಂಡ ಅಂದರೆ ಇಷ್ಟೇ, ದುಡ್ಡಿದ್ದವರ ಆಟಿಕೆ, ಲೋಕವೇ ಹೀಗಿದೆ ಅಂತ ಕೈಚೆಲ್ಲುವವರಿಗೆ ಒಂದು ಊರಿನ ಕಥೆ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಗ್ರೀನ್ ಬೇ ಅನ್ನುವ ಊರಿದೆ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಸಿಂಧನೂರು ನಗರದ್ದು ಸುಮಾರು 75 ಸಾವಿರ. ನಮಗಿಂತ ತುಸು ದೊಡ್ಡದು, ಅಷ್ಟೇ. ಆ ಊರಿಗೆ ಪ್ಯಾಕರ್ಸ್ ಅನ್ನುವ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡ ಇದೆ. ನ್ಯೂಯಾರ್ಕ್, ಷಿಕಾಗೋಗಳ ತಂಡಗಳ ಜೊತೆ ಸೆಣಸಿ ಹದಿಮೂರು ಸಲ ಚಾಂಪಿಯನ್ ಆಗಿದೆ. ಅದಕ್ಕೆ ಒಬ್ಬ ಮಾಲೀಕ ಇಲ್ಲ. 1923ರಲ್ಲಿ ತಂಡ ಮುಳುಗುವ ಹಂತಕ್ಕೆ ಬಂದಾಗ ಊರಿನವರು ಷೇರು ಕೊಂಡು ಉಳಿಸಿಕೊಂಡರು. ಇಂದು ಐದು ಲಕ್ಷಕ್ಕೂ ಹೆಚ್ಚು ಜನ ಷೇರುದಾರರು. ಲಾಭಾಂಶ ಇಲ್ಲ, ಷೇರನ್ನು ಮಾರಿ ಹಣ ಮಾಡುವ ಹಾಗಿಲ್ಲ, ಒಬ್ಬರೇ ಹಿಡಿತ ಸಾಧಿಸುವ ಹಾಗಿಲ್ಲ. ಆಟಗಾರರು ಎಲ್ಲೆಲ್ಲಿಂದಲೋ ಬರುತ್ತಾರೆ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ತಂಡ ಮಾತ್ರ ಊರು ಬಿಟ್ಟು ಹೋಗಲಾರದು. ಆ ಊರಿನವನು 'ನಮ್ದೇ' ಅಂದರೆ ಅದಕ್ಕೆ ಕಾಗದ ಪತ್ರ ಇದೆ.

ನಮ್ಮ ತಂಡದ ಕಾಗದ ಪತ್ರ ಏನು ಹೇಳುತ್ತದೆ? 2008ರಲ್ಲಿ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡರು. ಆಮೇಲೆ ಮದ್ಯದ ಕಂಪನಿಯ ಜೊತೆಗೇ ತಂಡವೂ ಡಿಯಾಜಿಯೋ ಕೈಗೆ ಹೋಯಿತು. 2025ರ ನವೆಂಬರಿನಲ್ಲಿ ಆ ಕಂಪನಿ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. ಮಾರುವ ಮಾತು ಅದು, ಬಳಸಿದ ಪದ ಮಾತ್ರ ಬೇರೆ. ಮುಂದಿನ ಮಾಲೀಕ ಯಾರಾಗಬೇಕು ಅಂತ ನಿಮ್ಮನ್ನಾಗಲಿ ನನ್ನನ್ನಾಗಲಿ ಯಾರೂ ಕೇಳುವುದಿಲ್ಲ. ಆಡುವ ಜಾಗವೂ ಹಾಗೆಯೇ. ಜೂನ್ ದುರಂತದ ನಂತರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಐಪಿಎಲ್ ಪಂದ್ಯಗಳು ಚಿನ್ನಸ್ವಾಮಿಯಲ್ಲೇ ನಡೆಯುತ್ತವೆಯೇ ಅನ್ನುವುದು 2025ರ ಡಿಸೆಂಬರಿನಲ್ಲೂ ಚರ್ಚೆಯಲ್ಲೇ ಇತ್ತು. 2025ರಲ್ಲಿ ಈ ತಂಡ ಪರವೂರಿನ ಏಳು ಲೀಗ್ ಪಂದ್ಯಗಳನ್ನೂ ಗೆದ್ದು ದಾಖಲೆ ಮಾಡಿತು, ತವರಿನ ಮೊದಲ ಮೂರನ್ನೂ ಸೋತಿತು. ತವರು ಇಲ್ಲದೆಯೂ ಬದುಕಬಲ್ಲ ತಂಡ ಅದು. ಅದಿಲ್ಲದೆ ಬದುಕಲಾರೆವು ಅಂದುಕೊಂಡವರು ನಾವು.

ನಮ್ಮಲ್ಲಿ ಸೀಸನ್ ಅನ್ನುವುದಕ್ಕೆ ಹಂಗಾಮು ಅನ್ನುತ್ತೇವೆ. ಮುಂದಿನ ಹಂಗಾಮು ಹೇಗೆ ಅಂತ ಗೊರೇಬಾಳದಲ್ಲಿ ಕೇಳಿದರೆ ಎರಡು ಉತ್ತರ ಬರುತ್ತವೆ. ಕ್ರಿಕೆಟ್ಟಿನದು ಚೆನ್ನಾಗಿದೆ. ಹೊಲದ್ದು ಕೆಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಈಗ ಹಳೆಯ 33 ಗೇಟುಗಳನ್ನೂ ಬದಲಿಸಬೇಕಾಗಿರುವುದರಿಂದ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂತ ತೀರ್ಮಾನವಾಗಿದೆ. ಅಂದರೆ ಐಪಿಎಲ್ ನಡೆಯುವ ಏಪ್ರಿಲ್, ಮೇ ತಿಂಗಳಲ್ಲಿ ಸಾವಿರಾರು ಎಕರೆ ಗದ್ದೆ ಬರಿದಾಗಿ ಬಿರುಕು ಬಿಟ್ಟಿರುತ್ತದೆ. ನಾಟಿ ಇಲ್ಲ, ಕಟಾವು ಇಲ್ಲ, ಹುಡುಗರ ಕೈಗೆ ಕೆಲಸ ಇಲ್ಲ. ಆ ಗದ್ದೆಗಳಲ್ಲೆಲ್ಲ ಮೂರು ಕಡ್ಡಿ ನೆಟ್ಟು ಕ್ರಿಕೆಟ್ ನಡೆಯುತ್ತದೆ. ಬಹುಶಃ ಈ ಸೀಮೆ ಹಿಂದೆಂದೂ ಕಾಣದಷ್ಟು ಕ್ರಿಕೆಟ್. ಸ್ಕೌಟ್‌ಗಳು ಬರುವುದಿದ್ದರೆ ಈ ಬೇಸಿಗೆಯೇ ಸರಿ. ಅವರು ಬರುವುದಿಲ್ಲ. ಬಾಜಿ ಕಟ್ಟಿಸಿಕೊಳ್ಳುವವರು ಬರುತ್ತಾರೆ.

ಹಾಗಾದರೆ ಏನು ಮಾಡಬೇಕು? ತಂಡವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ನಾನೇ ಬಿಡುವವನಲ್ಲ. ಆದರೆ ಭಕ್ತನಾಗಿ ನೋಡುವುದು ಬೇರೆ, ಸಾಲ ಕೊಟ್ಟವನಾಗಿ ನೋಡುವುದು ಬೇರೆ. ನಾವು ಕೊಟ್ಟಿದ್ದೇವೆ, ಕೇಳುವ ಹಕ್ಕಿದೆ. ಕೇಳಬೇಕಾದವು ಮೂರು. ರಾಜ್ಯ ಸಂಸ್ಥೆಯನ್ನು ಕೇಳಬೇಕು: ಗುಲ್ಬರ್ಗ ಮಿಸ್ಟಿಕ್ಸ್‌ನ ಎರಡು ಪಂದ್ಯವನ್ನಾದರೂ ಕಲ್ಯಾಣ ಕರ್ನಾಟಕದ ನೆಲದಲ್ಲಿ ಆಡಿಸಿ, ಆಡಿಸುವಂಥ ಮೈದಾನ ಇಲ್ಲ ಅಂದರೆ ಅದೇ ನಿಮ್ಮ ಮೊದಲ ಕೆಲಸ. ತಂಡವನ್ನು ಕೇಳಬೇಕು, ಅದರ ಮಾಲೀಕ ಯಾರೇ ಆಗಲಿ: ಪ್ರತಿ ವರ್ಷ ಹರಾಜಿಗೆ ಮುಂಚೆ ರಾಜ್ಯದ ಪ್ರತಿ ವಲಯದಲ್ಲೂ ಹುಡುಗರಿಗೆ, ಹುಡುಗಿಯರಿಗೆ ಬಹಿರಂಗ ಟ್ರಯಲ್ಸ್ ನಡೆಸಿ, ಆಯ್ದವರನ್ನು ನೆಟ್ ಬೌಲರುಗಳಾಗಿಯಾದರೂ ಕರೆದೊಯ್ಯಿರಿ. ಇದಕ್ಕೆ ತಗಲುವ ಖರ್ಚು ಒಬ್ಬ ಮಧ್ಯಮ ದರ್ಜೆಯ ವಿದೇಶಿ ಆಟಗಾರನ ಸಂಬಳಕ್ಕಿಂತ ಹೆಚ್ಚಾಗುವುದಿಲ್ಲ. ನಮ್ಮ ಶಾಸಕರನ್ನು, ನಗರಸಭೆಯನ್ನು ಕೇಳಬೇಕು: ತಾಲೂಕಿಗೊಂದು ಲೆದರ್ ಬಾಲಿನ ಪಿಚ್ಚು, ಅದಕ್ಕೆ ನೀರು, ರೋಲರ್, ಒಬ್ಬ ತರಬೇತುದಾರ. ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಇರುವ ಉತ್ಸಾಹದಲ್ಲಿ ಕಾಲುಭಾಗ ಸಾಕು.

ಇದನ್ನು ಓದುತ್ತಿರುವವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿಗಳು, ಸಾಹಿತ್ಯದ ಹುಚ್ಚು ಹಿಡಿದವರು. ಪದಗಳ ಬೆಲೆ ಗೊತ್ತಿರುವವರು. ಸರ್ವನಾಮ ಅನ್ನುವುದು ವ್ಯಾಕರಣದ ಸಣ್ಣ ವಿಷಯ ಅಂತ ನೀವು ತಿಳಿದಿರಲಾರಿರಿ. 'ನಾವು' ಅನ್ನುವುದರೊಳಗೆ ಯಾರಿದ್ದಾರೆ, ಯಾರಿಲ್ಲ ಅನ್ನುವುದರ ಮೇಲೆ ರಾಜ್ಯಗಳು ಎದ್ದಿವೆ, ಬಿದ್ದಿವೆ. ಮುಂದಿನ ಮಾರ್ಚಿನಲ್ಲಿ ಕೆಂಪು ಜೆರ್ಸಿ ಹಾಕಿಕೊಳ್ಳಿ, ಕೂಗಿ, ಗೆದ್ದರೆ ಪಟಾಕಿಯನ್ನೂ ಹೊಡೆಯಿರಿ. ಆದರೆ ಅದೇ ವಾರ ನಿಮ್ಮ ತಾಲೂಕಿನ ಮೈದಾನಕ್ಕೂ ಒಮ್ಮೆ ಹೋಗಿ. ಅಲ್ಲಿ ಆಡುವ ಹುಡುಗರ ಹನ್ನೊಂದು ಹೆಸರು ನಿಮಗೆ ಗೊತ್ತಿದೆಯೇ ನೋಡಿ. ಸಾಲ್ಟ್, ಶೆಫರ್ಡ್, ಡಫಿ ಎಲ್ಲರ ಹೆಸರೂ ಬಾಯಿಗೆ ಬಂದು ಅವರಲ್ಲಿ ಒಬ್ಬನದೂ ಬಾರದಿದ್ದರೆ, 'ನಮ್ದೇ' ಅನ್ನುವ ಪದವನ್ನು ಆ ದಿನದ ಮಟ್ಟಿಗಾದರೂ ಬಾಯಲ್ಲೇ ಇಟ್ಟುಕೊಳ್ಳಿ.